ಅಡಿಕೆ ಧಾರಣೆಯ ಹಿಂದೆ ಓಡುವ ಪ್ರೋಗ್ರಾಂಗಳು

ತೀರ್ಥಹಳ್ಳಿಯಲ್ಲಿ ಕೂತು ಶಿವಮೊಗ್ಗ ಮಂಡಿಯ ರಾಶಿ ಅಡಿಕೆ ಧಾರಣೆ ನೋಡಬೇಕೆಂದು ಬ್ರೌಸರ್ ತೆರೆಯುತ್ತೀರಿ. ಅಂಕಿಗಳ ಜೊತೆ ಯಾರ್ಯಾರೋ ಬರೆದ ಪ್ರೋಗ್ರಾಂಗಳೂ ಬಂದಿಳಿಯುತ್ತವೆ. ನಿಮ್ಮನ್ನು ಕೇಳದೆಯೇ ನಿಮ್ಮ ಕಂಪ್ಯೂಟರಿನಲ್ಲಿ ಓಡತೊಡಗುತ್ತವೆ. ಗುರುತು ಪರಿಚಯ ಇಲ್ಲದವರ ಪ್ರೋಗ್ರಾಂ ಅಲ್ವಾ, ನಂಬುವುದು ಹೇಗೆ?

1996ರಲ್ಲಿ ಮೈಕ್ರೋಸಾಫ್ಟ್, ವೆಬ್ ಪುಟದ ಜೊತೆ ಬಂದ ಪ್ರೋಗ್ರಾಂ ಓಡಿಸುವ ಆಕ್ಟಿವ್‌ಎಕ್ಸ್ ಎಂಬ ತಂತ್ರಜ್ಞಾನ ತಂದಿತು. ಬರೆದವರ ಡಿಜಿಟಲ್ ಸಹಿ ನೋಡಿ ಒಪ್ಪಿಗೆ ಕೊಡಿ ಎಂಬುದು ಅದರ ದಾರಿ. ಒಮ್ಮೆ ಒಪ್ಪಿದರೆ ಅದು ನಿಮ್ಮ ಫೈಲುಗಳನ್ನೂ ಮುಟ್ಟಬಹುದಿತ್ತು. ವೇಗ ಇತ್ತು, ಪ್ರೋಗ್ರಾಂ ಎಲ್ಲೆಲ್ಲೋ ಕೈಹಾಕದಂತೆ ತಡೆಯುವ ಬೇಲಿ ಇರಲಿಲ್ಲ. ಜಾವಾ ಭಾಷೆಯಲ್ಲಿ ಬರೆದು ಪುಟದೊಳಗೆ ಓಡಿಸುವ ಪುಟ್ಟ ಪ್ರೋಗ್ರಾಂ ಆದ ಜಾವಾ ಆಪ್ಲೆಟ್‌ಗೆ ಬೇಲಿ ಇತ್ತು, ಆದರೆ ಶುರುವಾಗಲು ತಡ, ಬೇಲಿಯಲ್ಲಿ ಆಗಾಗ ತೂತು ಬೇರೆ.

ಈಗಿನ ಬ್ರೌಸರ್‌ಗಳ ಬೇಲಿ ತುಂಬಾ ಗಟ್ಟಿ. ಬ್ರೌಸರ್‌ನೊಳಗೆ ಪ್ರೋಗ್ರಾಂಗಳನ್ನು ವೇಗವಾಗಿ ಓಡಿಸಲೆಂದು 2017ರಲ್ಲಿ ಪ್ರಮುಖ ಬ್ರೌಸರ್‌ಗಳಿಗೆಲ್ಲ ಬಂದ ವೆಬ್‌ಅಸೆಂಬ್ಲಿ ಎಂಬ ಕೋಡ್ ರೂಪವನ್ನೇ ನೋಡಿ. ಓಡುವ ಮೊದಲೇ ಬ್ರೌಸರ್ ಆ ಕೋಡ್ ಅನ್ನು ತಪಾಸಣೆ ಮಾಡುತ್ತದೆ. ಅದಕ್ಕೆ ಕೊಟ್ಟ ಮೆಮೊರಿಯ ಗಡಿ ದಾಟಿದರೆ ಅಲ್ಲಿಗೇ ನಿಲ್ಲಿಸುತ್ತದೆ. ಇಷ್ಟಾದರೂ ವೇಗ ಹೆಚ್ಚು ಕಡಿಮೆ ಮಾಮೂಲಿ ಸಾಫ್ಟ್‌ವೇರ್‌ನಷ್ಟೇ. ನನಗಂತೂ ಇದು ದೊಡ್ಡ ಸಾಧನೆ ಅನ್ನಿಸುತ್ತದೆ.

ಆದರೆ 2018ರ ಜನವರಿಯಲ್ಲಿ ಸ್ಪೆಕ್ಟರ್ ಎಂಬ ದೋಷ ಬಯಲಾಯಿತು. ಅದು ಪ್ರೊಸೆಸರಿನ ಒಳಗೇ ಇತ್ತು. ಪ್ರೊಸೆಸರ್ ಸುಮ್ನೆ ಕಾಯುತ್ತ ಕೂರುವುದಿಲ್ಲ. ಮುಂದಿನ ಕೆಲಸ ಯಾವುದಿರಬಹುದೆಂದು ಊಹಿಸಿ ಮೊದಲೇ ಮಾಡಿಡುತ್ತದೆ. ಊಹೆ ತಪ್ಪಿದರೆ ಆ ಕೆಲಸ ಕೈಬಿಡುತ್ತದೆ, ಗುರುತು ಮಾತ್ರ ಕ್ಯಾಶ್‌ನಲ್ಲಿ, ಅಂದರೆ ಪ್ರೊಸೆಸರ್ ಪಕ್ಕದಲ್ಲೇ ಇಟ್ಟುಕೊಳ್ಳುವ ಪುಟ್ಟ ವೇಗದ ಮೆಮೊರಿಯಲ್ಲಿ, ಉಳಿಯುತ್ತದೆ. ಕ್ಯಾಶ್‌ನಲ್ಲಿರುವುದು ಬೇಗ ಸಿಗುತ್ತದೆ, ಇಲ್ಲದ್ದು ತಡ. ಆ ವ್ಯತ್ಯಾಸ ಅಳೆಯುತ್ತಲೇ ಒಂದು ಪುಟದ ಜಾವಾಸ್ಕ್ರಿಪ್ಟ್ ಪ್ರೋಗ್ರಾಂ ತನ್ನದಲ್ಲದ ಮಾಹಿತಿ ಓದಬಹುದಿತ್ತು! ಹಾಗೆ ಅಳೆಯುವುದು ಕಷ್ಟವಾಗಲೆಂದು ಬ್ರೌಸರ್‌ಗಳು ಪುಟಗಳಿಗೆ ಸಿಗುವ ಗಡಿಯಾರದ ನಿಖರತೆಯನ್ನೇ ತಗ್ಗಿಸಿದವು. ಕ್ರೋಮ್ ಒಂದೊಂದು ಸೈಟನ್ನೂ ಬೇರೆ ಬೇರೆ ಪ್ರೊಸೆಸ್‌ನಲ್ಲಿ, ಅಂದರೆ ತನ್ನದೇ ಮೆಮೊರಿ ಇರುವ ಪ್ರತ್ಯೇಕ ಕೋಣೆಯಲ್ಲಿ, ಓಡಿಸತೊಡಗಿತು. ಅದಕ್ಕೆ ತೆತ್ತ ಬೆಲೆ ಶೇ. 10ರಿಂದ 13ರಷ್ಟು ಜಾಸ್ತಿ ಮೆಮೊರಿ ಎಂದು ಗೂಗಲ್ ಹೇಳಿತ್ತು. 4 ಜಿಬಿಯ ಹಳೇ ಲ್ಯಾಪ್‌ಟಾಪ್ ಏದುಸಿರು ಬಿಡಲು ಇದೂ ಒಂದು ಕಾರಣ.

ಬೇಲಿ ದಾಟದೆಯೂ ಕಾಡಬಹುದು. 2017ರಲ್ಲಿ ಶುರುವಾದ ಕಾಯಿನ್‌ಹೈವ್ ಎಂಬ ಸ್ಕ್ರಿಪ್ಟ್ ಯಾವ ಫೈಲನ್ನೂ ಮುಟ್ಟುತ್ತಿರಲಿಲ್ಲ. ಪುಟ ನೋಡುವವರ ಪ್ರೊಸೆಸರ್ ದುಡಿಸಿ ಮೊನೆರೋ ಎಂಬ ಕ್ರಿಪ್ಟೋ ಹಣ ಗಳಿಸುತ್ತಿತ್ತು. 2019ರಲ್ಲಿ ಅದು ನಿಂತಿತು, ಆದರೆ ಆ ತಂತ್ರ ಈಗಲೂ ಸಾಧ್ಯ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗಿ ಬ್ಯಾಟರಿಯಲ್ಲೇ ಕೆಲಸ ಮಾಡುವವರಿಗೆ ಇದು ಸಣ್ಣ ತೊಂದರೆಯಲ್ಲ.

ಫ್ಯಾನ್ ಕಾರಣವಿಲ್ಲದೆ ಜೋರಾಗಿ ತಿರುಗುತ್ತಿದ್ದರೆ ವಿಂಡೋಸ್ ಕಂಪ್ಯೂಟರಿನ ಕ್ರೋಮ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿ. ಯಾವ ಟ್ಯಾಬ್ ಪ್ರೊಸೆಸರನ್ನು ಎಷ್ಟು ತಿನ್ನುತ್ತಿದೆ ಎಂದು ಕಾಣುತ್ತದೆ. ಅತಿ ಹೆಚ್ಚು ತಿನ್ನುತ್ತಿರುವುದನ್ನು ಮುಚ್ಚಿ. ಬ್ರೌಸರ್ ಅಪ್‌ಡೇಟ್ ಬಾಕಿಯಿದ್ದರೆ ಅದನ್ನೂ ಆಗಲೇ ಮುಗಿಸಿಬಿಡಿ, ಹೊಸ ತೂತುಗಳಿಗೆ ತೇಪೆ ಬರುವುದು ಅದರಲ್ಲೇ.