ದೋಣಿ ಯಾಕೆ ಬಾಲ ಅಲ್ಲಾಡಿಸುತ್ತದೆ?

ದಾವಣಗೆರೆಯವರಿಗೆ ನಾಕೌಟ್ ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ಗರಡಿ ಮನೆಗಳ ಊರು ಇದು. ಸೋತವನು ಮಣ್ಣು ಕೊಡವಿಕೊಂಡು ಮನೆಗೆ, ಗೆದ್ದವನು ಮುಂದಿನ ಜೋಡಿಗೆ. ಇದೇ ನಿಯಮ ನೀರಿಗಿಳಿದರೆ ಇಂಗ್ಲೆಂಡಿನ ಹೆನ್ಲಿ ರೆಗಟ್ಟಾ ಆಗುತ್ತದೆ. ಥೇಮ್ಸ್ ನದಿಯಲ್ಲಿ 1839ರಲ್ಲಿ ಶುರುವಾದ ಪಂದ್ಯ. ಒಂದು ಸಲಕ್ಕೆ ಎರಡೇ ದೋಣಿ, 2,112 ಮೀಟರ್ ದೂರ, ಸೋತವರಿಗೆ ಎರಡನೇ ಅವಕಾಶ ಇಲ್ಲ. ವಿದ್ಯಾರ್ಥಿಗಳ ಎಂಟು ಜನರ ದೋಣಿಗಳಿಗೆ ಅಂತಲೇ ಅಲ್ಲಿ 1990ರಿಂದ ಟೆಂಪಲ್ ಚಾಲೆಂಜ್ ಕಪ್ ಇದೆ. 32 ತಂಡ ಬಂದರೆ ಎಷ್ಟು ರೇಸ್ ಬೇಕು? 31. ಒಂದೊಂದು ರೇಸ್ ಒಂದೊಂದು ತಂಡವನ್ನು ಮನೆಗೆ ಕಳಿಸುತ್ತದೆ, 31 ತಂಡ ಮನೆಗೆ ಹೋಗಬೇಕು. ಸುತ್ತು, ಕ್ವಾರ್ಟರ್, ಸೆಮಿ ಅಂತ ಕೂಡಿಸುತ್ತಾ ಕೂರಬೇಕಿಲ್ಲ.

ನಮ್ಮ ಕಾಲೇಜು ಹುಡುಗರು ಈ ಆಟವನ್ನು ನೋಡುವುದು ಮೊಬೈಲಿನಲ್ಲಿ ಮಾತ್ರ. ನೀರಿಲ್ಲ ಅಂತಲ್ಲ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಲ್ಲಿ ಎರಡು ಕಿಲೋಮೀಟರ್ ನೇರ ನೀರು ಆರಾಮಾಗಿ ಸಿಗುತ್ತದೆ. ದೋಣಿ ಇಲ್ಲ, ಅಷ್ಟೇ. ಕುಂದವಾಡ ಕೆರೆ ಏರಿಯ ಮೇಲೆ ಒಬ್ಬ ಹುಡುಗ ಇಂಥದೊಂದು ವಿಡಿಯೋ ತೋರಿಸುತ್ತಾ ಗೆಳೆಯನಿಗೆ ಹೇಳುತ್ತಿದ್ದ: “ಎಂಟ್ ಮಂದಿ ಅದಾರಲೇ, ಒಬ್ಬನಿಗಿಂತ ಎಂಟ್ ಪಟ್ಟು ಸ್ಪೀಡ್ ಹೋಗ್ತತಿ.” ಗೆಳೆಯನೂ ತಲೆ ಆಡಿಸಿದ. ವಿಜ್ಞಾನ ಓದಿದವರೂ ಹೀಗೇ ಅಂದುಕೊಂಡಿರುತ್ತಾರೆ. ಸುಮ್ನೆ ಬಿಡಲಿಕ್ಕೆ ಮನಸ್ಸಾಗುವುದಿಲ್ಲ.

2017ರಲ್ಲಿ ಪೋಲೆಂಡಿನ ಪೊಜ್ನಾನ್‌ನಲ್ಲಿ ಒಂದು ವಿಶ್ವಕಪ್ ರೆಗಟ್ಟಾ ನಡೆಯಿತು. ನ್ಯೂಜಿಲೆಂಡಿನ ರಾಬಿ ಮ್ಯಾನ್ಸನ್ ಒಬ್ಬನೇ ಕೂತು 2,000 ಮೀಟರನ್ನು 6 ನಿಮಿಷ 30.74 ಸೆಕೆಂಡಿನಲ್ಲಿ ಮುಗಿಸಿದ. ಅದೇ ರೆಗಟ್ಟಾದಲ್ಲಿ ಜರ್ಮನಿಯ ಎಂಟು ಜನರ ದೋಣಿಗೆ ಹಿಡಿದದ್ದು 5 ನಿಮಿಷ 18.68 ಸೆಕೆಂಡ್. ಭಾಗಿಸಿ ನೋಡಿ. ಜನ ಎಂಟು ಪಟ್ಟು, ವೇಗ ಮಾತ್ರ ಶೇಕಡಾ 23ರಷ್ಟು ಜಾಸ್ತಿ.

ಇದಕ್ಕೆ ಕಾರಣವನ್ನು ಹಾರ್ವರ್ಡ್‌ನ ಥಾಮಸ್ ಮೆಕ್‌ಮಹನ್ 1971ರಲ್ಲಿ ಚೊಕ್ಕವಾಗಿ ಲೆಕ್ಕ ಹಾಕಿ ತೋರಿಸಿದ. ನೀರು ದೋಣಿಯನ್ನು ಹಿಡಿದೆಳೆಯುವ ಬಲ ವೇಗದ ವರ್ಗದ ಹಾಗೆ ಬೆಳೆಯುತ್ತದೆ. ಆ ಬಲದ ವಿರುದ್ಧ ಸುರಿಯಬೇಕಾದ ಶಕ್ತಿ ವೇಗದ ಘನದ ಹಾಗೆ. ಜೊತೆಗೆ, ಜನ ಹೆಚ್ಚಾದಂತೆ ದೋಣಿಯೂ ದೊಡ್ಡದಾಗಬೇಕು, ನೀರಿಗೆ ತಾಗುವ ಮೈಯೂ ಹೆಚ್ಚುತ್ತದೆ. ಎಲ್ಲ ಸೇರಿಸಿದರೆ ವೇಗವು ಜನರ ಸಂಖ್ಯೆಯ ಒಂಬತ್ತನೇ ಮೂಲಕ್ಕೆ ಸಮನಾಗಿ ಏರುತ್ತದೆ. ಎಂಟರ ಒಂಬತ್ತನೇ ಮೂಲ, ಅಂದರೆ ಒಂಬತ್ತು ಸಲ ಬರೆದು ಗುಣಿಸಿದರೆ ಎಂಟು ಬರುವ ಸಂಖ್ಯೆ, 1.26. ನಿಜವಾಗಿ ಸಿಕ್ಕದ್ದು 1.23. ಕಾಗದದ ಮೇಲಿನ ಲೆಕ್ಕ ಇಷ್ಟು ಹತ್ತಿರ ಬಂದರೆ ಬೇರೆ ಏನು ಬೇಕು?

ಅಂದರೆ ರಟ್ಟೆ ಬಲಕ್ಕೆ ನೀರು ಕೊಡುವ ಬೆಲೆ ಬಹಳ ಕಡಿಮೆ. ತಂಡದ ಒಟ್ಟು ಶಕ್ತಿಯನ್ನು ಹೇಗೋ ಎರಡು ಪಟ್ಟು ಮಾಡಿದರೂ ಅದೇ ದೋಣಿಯ ವೇಗ ಕಾಲು ಭಾಗದಷ್ಟು ಏರುತ್ತದೆ, ಅಷ್ಟೇ. ಹಾಗಾಗಿ ಒಳ್ಳೆಯ ಕೋಚ್‌ಗಳು ಶಕ್ತಿ ಎಲ್ಲಿ ಸೋರುತ್ತಿದೆ ಅಂತ ಹುಡುಕುತ್ತಾರೆ. ಒಂದು ಸೋರಿಕೆ ನಾಕೌಟ್‌ನಲ್ಲೇ ಇದೆ. ಸೆಕೆಂಡಿಗೆ 6 ಮೀಟರ್‌ನಂತೆ ಒಂದೇ ಸಮ ಹೋಗುವುದಕ್ಕಿಂತ, ಅರ್ಧ ಹೊತ್ತು 6.6, ಇನ್ನರ್ಧ ಹೊತ್ತು 5.4ರಂತೆ ಹೋದರೆ ಅಷ್ಟೇ ದೂರಕ್ಕೆ ಶೇಕಡಾ 3ರಷ್ಟು ಶಕ್ತಿ ಜಾಸ್ತಿ ಬೇಕು. ಘನ ಮಾಡುವ ಆಟ ಇದು. ಆದರೂ ಹೆನ್ಲಿಯಲ್ಲಿ ಎಲ್ಲರೂ ಆರಂಭದಲ್ಲೇ ಹುಚ್ಚು ಹಿಡಿದವರಂತೆ ಎಳೆಯುತ್ತಾರೆ. ಯಾಕೆ ಗೊತ್ತಾ? ಹುಟ್ಟು ಹಾಕುವವರು ಕೂರುವುದು ಹಿಂದೆ ಮುಖ ಮಾಡಿ. ಮುಂದಿರುವವನಿಗೆ ಸೋಲುತ್ತಿರುವ ಎದುರಾಳಿ ಕಣ್ಣಮುಂದೆ ಕಾಣುತ್ತಾನೆ. ಹಿಂದೆ ಬಿದ್ದವನಿಗೆ ಖಾಲಿ ನೀರು ಮಾತ್ರ. ಎರಡೇ ದೋಣಿಯ ರೇಸಿನಲ್ಲಿ ಆ ಧೈರ್ಯಕ್ಕಾಗಿ ಮೂರು ಪರ್ಸೆಂಟ್ ಕಳೆದುಕೊಳ್ಳಲು ತಂಡಗಳು ತಯಾರು.

ನನಗೆ ಖುಷಿ ಕೊಡುವುದು ಇನ್ನೊಂದು ಸೋರಿಕೆ. ಬಾಲದ ಅಲ್ಲಾಟ, ಅಂದರೆ ದೋಣಿ ನೇರ ಹೋಗದೆ ಆ ಕಡೆ ಈ ಕಡೆ ತಿರುಗುತ್ತಾ ಹೋಗುವುದು.

ಇದು ಗೊತ್ತಾಗಲು ತುಂಗಭದ್ರೆಗೆ ಹೋದರೆ ಸಾಕು. ಹರಿಗೋಲಿನಲ್ಲಿ ಒಂದೇ ಕಡೆ ಹುಟ್ಟು ಹಾಕಿದರೆ ಅದು ಗಿರಗಿರ ಸುತ್ತುತ್ತದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದನ್ನು ಬರೆದಿಟ್ಟಿದ್ದಾನೆ: ಬುಟ್ಟಿಯಂಥ ಈ ದೋಣಿಗಳು ನದಿ ದಾಟುವಾಗ ಸುತ್ತುತ್ತಲೇ ಇರುತ್ತವೆ, ನೇರ ಹೋಗುವುದೇ ಇಲ್ಲ ಅಂತ. ಕೇರಳದ ಚುಂಡನ್ ವಳ್ಳಂಗೆ, ಅಂದರೆ ಹಾವಿನಂಥ ಉದ್ದನೆಯ ರೇಸ್ ದೋಣಿಗೆ, ಈ ತಾಪತ್ರಯ ಇಲ್ಲ. ಅಲ್ಲಿ ಜನ ಎಡಕ್ಕೊಬ್ಬ ಬಲಕ್ಕೊಬ್ಬ ಅಂತ ಜೋಡಿಯಾಗಿ ಕೂರುತ್ತಾರೆ, ಬಲಗಳು ಎದುರುಬದುರು ಸರಿಹೋಗುತ್ತವೆ.

ಕಾಲೇಜು ರೇಸಿನ ದೋಣಿಯ ಕಥೆ ಬೇರೆ. ಉದ್ದ ಸುಮಾರು 17 ಮೀಟರ್, ಅಗಲ ಒಬ್ಬ ಮನುಷ್ಯ ಕೂರುವಷ್ಟೇ. ಎಂಟು ಜನ ಒಬ್ಬರ ಹಿಂದೆ ಒಬ್ಬರು. ಪ್ರತಿಯೊಬ್ಬರ ಕೈಯಲ್ಲಿ ಒಂದೇ ಒಂದು ಉದ್ದನೆಯ ಹುಟ್ಟು. ಮೂತಿಯ ಕಡೆಯಿಂದ 1, 2, 3 ಅಂತ ಎಣಿಸಿದರೆ, ಸಾಮಾನ್ಯವಾಗಿ ಬೆಸ ಸಂಖ್ಯೆಯವರ ಹುಟ್ಟು ಒಂದು ಬದಿ, ಸಮ ಸಂಖ್ಯೆಯವರದು ಇನ್ನೊಂದು ಬದಿ. ಆ ಕಡೆ ನಾಲ್ಕು, ಈ ಕಡೆ ನಾಲ್ಕು. ನ್ಯಾಯವಾಗಿಯೇ ಇದೆ ಅನಿಸುತ್ತದೆ, ಅಲ್ವಾ? ಇಲ್ಲ.

ಹುಟ್ಟು ನೀರಿನಲ್ಲಿ ನೇರ ಹಿಂದಕ್ಕೆ ಹೋಗುವುದಿಲ್ಲ. ಅದು ದೋಣಿಯ ಪಕ್ಕದ ಕೊಕ್ಕೆಯ ಸುತ್ತ ಕಮಾನಿನಂತೆ ತಿರುಗುತ್ತದೆ. ಎಳೆತದ ಮೊದಲ ಅರ್ಧದಲ್ಲಿ ಹುಟ್ಟಿನ ಅಲಗು ನೀರನ್ನು ಹಿಂದಕ್ಕೆ ತಳ್ಳುವ ಜೊತೆಗೆ ಸ್ವಲ್ಪ ಹೊರಕ್ಕೂ ತಳ್ಳುತ್ತದೆ. ಅದಕ್ಕೆ ಪ್ರತಿಯಾಗಿ ನೀರು ದೋಣಿಯನ್ನು ಮುಂದಕ್ಕೂ ಒಳಕ್ಕೂ ತಳ್ಳುತ್ತದೆ. ಎರಡನೇ ಅರ್ಧದಲ್ಲಿ ಉಲ್ಟಾ. ಅಲಗು ನೀರನ್ನು ಒಳಕ್ಕೆ ಒತ್ತುತ್ತದೆ, ದೋಣಿಗೆ ಹೊರಕ್ಕೆ ಎಳೆತ. ಮುಂದಕ್ಕೆ ತಳ್ಳುವ ಬಲ ನಮಗೆ ಬೇಕಾದದ್ದು. ಅಡ್ಡಡ್ಡ ಬರುವ ಬಲ ಬೇಡದ್ದು.

ಆ ಅಡ್ಡ ಬಲಗಳು ನಾಲ್ಕಕ್ಕೆ ನಾಲ್ಕು ಸರಿಹೋಗುವುದಿಲ್ಲವೇ? ಬಲ ಸರಿಹೋಗುತ್ತದೆ, ತಿರುಗಿಸುವ ತಾಕತ್ತು ಸರಿಹೋಗುವುದಿಲ್ಲ. ಬಾಗಿಲನ್ನು ಚೌಕಟ್ಟಿಗೆ ಸೇರುವ ಕಡೆ ಬೆರಳಿಟ್ಟು ತಳ್ಳಿ, ಆಮೇಲೆ ಚಿಲಕದ ಕಡೆ ತಳ್ಳಿ. ಅದೇ ಬೆರಳು, ಅದೇ ಬಲ. ಆದರೆ ದೂರದಿಂದ ತಳ್ಳಿದಾಗ ಬಾಗಿಲು ಸುಲಭವಾಗಿ ತಿರುಗುತ್ತದೆ. ಬಲವನ್ನು ದೂರದಿಂದ ಗುಣಿಸಬೇಕು. ದೋಣಿಯಲ್ಲಿ ದೂರ ಅಂದರೆ ಸೀಟಿನ ಸಂಖ್ಯೆ ಅಂತಲೇ ಇಟ್ಟುಕೊಳ್ಳಿ. ಎಲ್ಲರೂ ಒಂದೇ ಸಮ ಎಳೆಯುತ್ತಾರೆ ಅಂದುಕೊಳ್ಳಿ. ಆಗ ಒಂದು ಬದಿಯ ಲೆಕ್ಕ 1+3+5+7, ಅಂದರೆ 16. ಇನ್ನೊಂದು ಬದಿ 2+4+6+8, ಅಂದರೆ 20. ವ್ಯತ್ಯಾಸ ನಾಲ್ಕು. ದೂರವನ್ನು ಮೂತಿಯಿಂದ ಅಳೆಯಿರಿ, ಬಾಲದಿಂದ ಅಳೆಯಿರಿ, ದಡದ ಮೇಲಿನ ಮರದಿಂದ ಬೇಕಾದರೂ ಅಳೆಯಿರಿ. ಎರಡೂ ಬದಿ ನಾಲ್ಕು ನಾಲ್ಕು ಜನ ಇರುವ ತನಕ ಈ ವ್ಯತ್ಯಾಸದ ಗಾತ್ರ ಬದಲಾಗುವುದಿಲ್ಲ.

ಹಾಗಾಗಿ ಪ್ರತಿ ಎಳೆತದ ಮೊದಲರ್ಧದಲ್ಲಿ ಮೂತಿ ಒಂದು ಕಡೆ ವಾಲುತ್ತದೆ, ಎರಡನೇ ಅರ್ಧದಲ್ಲಿ ಇನ್ನೊಂದು ಕಡೆ. ಒಂದು ರೇಸಿಗೆ ಸುಮಾರು ಇನ್ನೂರು ಎಳೆತ ಅಂದರೆ ಇನ್ನೂರು ಸಲ ಆ ಕಡೆ, ಇನ್ನೂರು ಸಲ ಈ ಕಡೆ. ಬಾಲದ ಕಡೆ ಕೂತು ಕೂಗುವ ಕಾಕ್ಸ್ ಚುಕ್ಕಾಣಿ ಹಿಡಿದು ಸರಿಮಾಡಬಹುದು. ಆದರೆ ನೀರಿನಲ್ಲಿ ಚುಕ್ಕಾಣಿ ತಿರುಗಿಸುವುದೂ ಒಂದು ಬ್ರೇಕೇ.

ಇದಕ್ಕೆ ಮದ್ದು ಸಿಕ್ಕಿದ್ದು ಮೋಟಾರ್‌ಸೈಕಲ್ ಕಾರ್ಖಾನೆಯವರಿಗೆ. ಇಟಲಿಯ ಕೋಮೊ ಸರೋವರದ ದಡದಲ್ಲಿ ಮೋಟೋ ಗುಟ್ಸಿ ಕಾರ್ಖಾನೆ ಇದೆ. ಅದರದ್ದೇ ಒಂದು ರೋಯಿಂಗ್ ಕ್ಲಬ್. ಅವರು ನಾಲ್ಕು ಜನರ ದೋಣಿಯಲ್ಲಿ ಸರದಿಯನ್ನೇ ಬದಲಿಸಿದರು. 1 ಮತ್ತು 4ನೆಯವರ ಹುಟ್ಟು ಒಂದು ಬದಿ, ನಡುವಿನ 2 ಮತ್ತು 3ನೆಯವರದು ಇನ್ನೊಂದು ಬದಿ. 1+4=5, 2+3=5. ಮುಗಿಯಿತು! ಎಳೆತದ ಎರಡೂ ಅರ್ಧದಲ್ಲಿ ತಿರುಗಿಸುವ ತಾಕತ್ತು ಸೊನ್ನೆ. ಆ ಕ್ಲಬ್ಬಿನವರೇ ಇಟಲಿಗಾಗಿ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಕಾಕ್ಸ್ ಇರುವ ನಾಲ್ವರ ದೋಣಿಯ ಚಿನ್ನ ಗೆದ್ದರು. ಅವರು ಗೆದ್ದದ್ದು ಇದೊಂದರಿಂದಲೇ ಅಂತ ಹೇಳಿದರೆ ತಪ್ಪಾಗುತ್ತದೆ, ಎಳೆದ ತೋಳುಗಳೂ ಚೆನ್ನಾಗಿಯೇ ಇದ್ದವು. ಆದರೆ ಐದನೇ ಕ್ಲಾಸಿನ ಕೂಡುವ ಲೆಕ್ಕ ಒಲಿಂಪಿಕ್ಸ್ ತನಕ ಹೋಯಿತಲ್ಲ, ಅದು ನನಗೆ ಬಹಳ ಇಷ್ಟ.

ಎಂಟು ಜನಕ್ಕೆ ಏನು ಮಾಡುವುದು? ಕೇಂಬ್ರಿಡ್ಜ್‌ನ ಜಾನ್ ಬ್ಯಾರೋ 2009ರಲ್ಲಿ ಇದನ್ನು ಪೂರ್ತಿ ಬಿಡಿಸಿದ. ಒಂದರಿಂದ ಎಂಟರ ತನಕ ಕೂಡಿದರೆ 36. ಒಂದೊಂದು ಬದಿಗೆ ನಾಲ್ಕು ಜನ, ಮೊತ್ತ 18 ಬರಬೇಕು. ಇದಕ್ಕೆ ಸರಿಯಾಗಿ ನಾಲ್ಕೇ ದಾರಿ. ಒಂದು ಬದಿಗೆ 1, 4, 5, 8. ಇಲ್ಲವೇ 1, 3, 6, 8. ಇಲ್ಲವೇ 1, 2, 7, 8. ಇಲ್ಲವೇ 1, 4, 6, 7. ಉಳಿದವರು ಎದುರು ಬದಿಗೆ. ಐದನೆಯದು ಇಲ್ಲ, ಕಾಗದ ಪೆನ್ನು ಹಿಡಿದು ನೀವೇ ನೋಡಬಹುದು. ಇದರಲ್ಲಿ ಎರಡನ್ನು ದೋಣಿಯವರು ಮೊದಲೇ ಕಂಡುಕೊಂಡಿದ್ದರು. ಇನ್ನೆರಡು ಲೆಕ್ಕದಿಂದಲೇ ಹೊರಬಂದವು.

18 ಅಂದ ಕೂಡಲೇ ನಮ್ಮಲ್ಲಿ ಒಬ್ಬರು ಎದ್ದು “ಒಂದು ಪ್ಲಸ್ ಎಂಟು ಒಂಬತ್ತು, ನೋಡಿ ಸಾರ್” ಅಂತ ಶುರು ಮಾಡುತ್ತಾರೆ. ಕೆಎ-17 ಗಾಡಿಯ ನಂಬರು ಕೂಡಿದರೆ ಒಂಬತ್ತು ಬರಲಿ ಅಂತ ಜಾಸ್ತಿ ದುಡ್ಡು ಕಟ್ಟುವವರು ನಮ್ಮೂರಿನಲ್ಲೂ ಇದ್ದಾರೆ. ಸ್ವಾಮಿ, ಇಲ್ಲಿ 18ಕ್ಕೆ ಯಾವ ಮಹಿಮೆಯೂ ಇಲ್ಲ. ಅದು 36ರ ಅರ್ಧ, ಅಷ್ಟೇ. ಸಂಖ್ಯೆ ಕೆಲಸ ಮಾಡುವುದು ಅದರ ಹಿಂದೆ ಒಂದು ಬಲ, ಒಂದು ದೂರ ಇದ್ದಾಗ. ಬೈಕಿನ ನಂಬರ್ ಪ್ಲೇಟಿನ ಹಿಂದೆ ಇರುವುದು ಎರಡು ಸ್ಕ್ರೂ.

ಹಾಗಾದರೆ ಎಲ್ಲ ಕಾಲೇಜು ತಂಡಗಳೂ ಇದನ್ನೇ ಯಾಕೆ ಮಾಡುವುದಿಲ್ಲ? ಸುಮಾರು ತಂಡಗಳು ಇವತ್ತಿಗೂ ಒಂದು ಬಿಟ್ಟು ಒಂದು ಕೂರುತ್ತವೆ. ಒಂದು, ಲೆಕ್ಕವು ಎಂಟೂ ಜನ ಒಂದೇ ಬಲದಿಂದ, ಒಂದೇ ಕ್ಷಣಕ್ಕೆ ಎಳೆಯುತ್ತಾರೆ ಅಂತ ನಂಬಿಕೊಂಡಿದೆ. ಬೆಳಗಿನ ಚಳಿಯಲ್ಲಿ ಎದ್ದು ಬಂದ ಹುಡುಗರು ಹಾಗಿರುವುದಿಲ್ಲ. ಇನ್ನೊಂದು, ಒಂದೇ ಬದಿಗೆ ಇಬ್ಬರು ಒಬ್ಬರ ಹಿಂದೆ ಒಬ್ಬರು ಬಂದಾಗ ಹಿಂದಿನವನ ಹುಟ್ಟು ಮುಂದಿನವನು ಕಲಕಿದ ನೀರಿಗೆ ಹತ್ತಿರ ಬೀಳುತ್ತದೆ. ಲಾಭ ಸಣ್ಣದು, ಒಪ್ಪುತ್ತೇನೆ. ಆದರೆ ಸಣ್ಣದು ಅಂದರೆ ಎಷ್ಟು? 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಎಂಟರ ತಂಡ ಬೆಳ್ಳಿ ಗೆದ್ದಿತು. ಚಿನ್ನ ಗೆದ್ದ ಚೀನಾಕ್ಕೂ ನಮಗೂ ಇದ್ದ ಅಂತರ ಮೂರು ಸೆಕೆಂಡಿಗಿಂತ ಕಡಿಮೆ. ಐದೂವರೆ ನಿಮಿಷ ಮೀರಿದ ರೇಸಿನಲ್ಲಿ ಅದು ಶೇಕಡಾ ಒಂದೂ ಅಲ್ಲ. ನಾಕೌಟ್‌ನಲ್ಲಂತೂ ಒಂದು ಅಡಿ ಹಿಂದೆ ಬಿದ್ದರೂ ಬ್ಯಾಗ್ ಕಟ್ಟಬೇಕು.

ಈ ಲೆಕ್ಕ ಎಲ್ಲ ದೋಣಿಗೂ ನಡೆಯುವುದಿಲ್ಲ ಅನ್ನುವುದು ಇನ್ನೂ ಮಜಾ. ಆರು ಜನರನ್ನು ತೆಗೆದುಕೊಳ್ಳಿ. ಒಂದರಿಂದ ಆರರ ಮೊತ್ತ 21. ಬೆಸ ಸಂಖ್ಯೆಯನ್ನು ಎರಡು ಸಮಪಾಲು ಮಾಡಲಾಗುವುದಿಲ್ಲ. ಆರು ಹುಟ್ಟಿನ ದೋಣಿಯನ್ನು ಹೇಗೆ ಕೂರಿಸಿದರೂ ಬಾಲ ಅಲ್ಲಾಡಿಸಿಯೇ ತೀರುತ್ತದೆ. ಹನ್ನೆರಡು ಜನ ಆದರೆ 29 ದಾರಿ ಇವೆ, ಅಂಥ ದೋಣಿಯಲ್ಲಿ ರೇಸ್ ಮಾಡುವವರಿಲ್ಲ ಅಷ್ಟೇ. ಇಬ್ಬರ ದೋಣಿಯ ಪಾಡು ಎಲ್ಲಕ್ಕಿಂತ ಕಷ್ಟ. 1 ಮತ್ತು 2, ಇನ್ನೇನು ಸಮ ಮಾಡುತ್ತೀರಿ? ಕಾಕ್ಸ್ ಇಲ್ಲದ ಜೋಡಿ ದೋಣಿಯಲ್ಲಿ ಅವರು ಬಲವನ್ನೇ ಹಂಚಿಕೊಳ್ಳಬೇಕು. ಎಳೆತದ ಮೊದಲರ್ಧದಲ್ಲಿ ಬಾಲದ ಕಡೆ ಕೂತವನು ಸ್ವಲ್ಪ ಜೋರಾಗಿ, ಎರಡನೇ ಅರ್ಧದಲ್ಲಿ ಮೂತಿಯ ಕಡೆಯವನು ಸ್ವಲ್ಪ ಜೋರಾಗಿ. ಇಬ್ಬರೂ ಒಂದೇ ಸಮ ಎಳೆದರೆ ದೋಣಿ ಅಡ್ಡಾದಿಡ್ಡಿ ಹೋಗುತ್ತದೆ.