ಮೊಳೆ ಹೊಡೆಯದೆ ಕೋಟೆಯಲ್ಲಿ ಮರೆಗೋಡೆ

ಚಿತ್ರದುರ್ಗದ ಏಳುಸುತ್ತಿನ ಕೋಟೆಯಂಥ ಜಾಗದಲ್ಲಿ ಸಂಗೀತ ಕಾರ್ಯಕ್ರಮ ಇಟ್ಟುಕೊಂಡರೆ ವೇದಿಕೆಗಿಂತ ಮೊದಲು ಯೋಚಿಸಬೇಕಾದ್ದು ಮರೆಗೋಡೆಯನ್ನು. ಜನರನ್ನು ಬಂಡೆಯ ಅಂಚಿನಿಂದ, ಕೆತ್ತನೆಯ ಕಂಬಗಳಿಂದ ದೂರ ಇಡುವುದು ಅದೇ. ಬಯಲಲ್ಲಾದರೆ ಶಾಮಿಯಾನದವರು ಗುಂಡಿ ತೋಡಿ, ಗಳ ನೆಟ್ಟು, ತಗಡು ಬಿಗಿದು ಸಂಜೆಯೊಳಗೆ ಕೈತೊಳೆದುಕೊಳ್ಳುತ್ತಾರೆ. ಕೋಟೆ ಸಂರಕ್ಷಿತ ಸ್ಮಾರಕ. ಕಾರ್ಯಕ್ರಮಕ್ಕೇ ಪುರಾತತ್ವ ಇಲಾಖೆಯ ಅನುಮತಿ ಬೇಕು, ಕೊರೆಯುವ ಮಾತಂತೂ ದೂರ.

ಕಾನೂನು ಬಿಡಿ, ಕಲ್ಲಿಗೂ ಅದು ಆಗಿಬರುವುದಿಲ್ಲ. ತೂತಿನಲ್ಲಿ ಉಳಿದ ಬೋಲ್ಟು ತುಕ್ಕು ಹಿಡಿದಾಗ ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ; ಗ್ರಾನೈಟನ್ನೂ ಒಳಗಿನಿಂದ ಸೀಳುತ್ತದೆ. ದೀಪಸ್ತಂಭಕ್ಕೋ ಉಯ್ಯಾಲೆ ಕಂಬಕ್ಕೋ ಹಗ್ಗ ಕಟ್ಟುವುದು ಇನ್ನೂ ಕೆಟ್ಟದ್ದು. ಕಲ್ಲುಕಂಬ ಮೇಲಿನ ಭಾರವನ್ನು ನಿರಾಳವಾಗಿ ಹೊರುತ್ತದೆ, ಪಕ್ಕಕ್ಕೆ ಎಳೆದರೆ ತಡೆಯದು.

ಹಾಗಾಗಿ ಗೋಡೆ ತನ್ನ ಭಾರದಿಂದಲೇ ನಿಲ್ಲಬೇಕು. ಒಂದು ಪೂರ್ತಿ 8x4 ಅಡಿ, 12 ಮಿ.ಮೀ. ಪ್ಲೈವುಡ್ ಹಾಳೆಯನ್ನು ಉದ್ದಕ್ಕೆ ನಿಲ್ಲಿಸಿ, 40 ಮಿ.ಮೀ. ಚೌಕ ಪೈಪಿನ ಚೌಕಟ್ಟು ಕೊಟ್ಟರೆ ತೂಕ ಸುಮಾರು 40 ಕೆ.ಜಿ.; ಇಬ್ಬರು ಆರಾಮಾಗಿ ಎತ್ತಬಹುದು. ಹಿಂದೆ ಒಂದು ಓರೆ ಪೈಪು, ಅದರ ಕಾಲು 4 ಅಡಿ ಆಚೆ.

ಇನ್ನು ಗಾಳಿ. ಜೋಗಿಮಟ್ಟಿ ಕಡೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಗಂಟೆಗೆ 54 ಕಿ.ಮೀ. ಎಂದರೆ ಸೆಕೆಂಡಿಗೆ 15 ಮೀಟರ್. ಇದರ ವರ್ಗವನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ 135 ನ್ಯೂಟನ್ ಒತ್ತಡ. ಚಪ್ಪಟೆ ಹಲಗೆಗೆ 1.2ರ ಗುಣಾಂಕ ಸೇರಿಸಿದರೆ ಒಂದು ಹಲಗೆಯ ಮೇಲೆ ಸುಮಾರು 49 ಕೆ.ಜಿ. ತಳ್ಳು. ಅದು ಬೀಳುವುದು ನಡುವಿನಲ್ಲಿ, 4 ಅಡಿ ಎತ್ತರದಲ್ಲಿ. ಓರೆ ಪೈಪಿನ ಕಾಲೂ 4 ಅಡಿ ದೂರದಲ್ಲೇ ಇರುವುದರಿಂದ ಲೆಕ್ಕ ಸಲೀಸು: ಎಷ್ಟು ತಳ್ಳೋ ಅಷ್ಟೇ ತೂಕ, ಜೊತೆಗೆ ಅರ್ಧದಷ್ಟು ಭದ್ರತೆಗೆ. ಒಟ್ಟು 74 ಕೆ.ಜಿ., ಅಂದರೆ ಹಿಂದಿನ ಕಾಲಿನ ಮೇಲೆ 25 ಕೆ.ಜಿ.ಯ 3 ಮರಳುಚೀಲ. ಗಾಳಿ ಎದುರಿನಿಂದಲೂ ಬರುತ್ತದಲ್ಲ, ಅದಕ್ಕೆ ಹಲಗೆಯ ಬುಡದಲ್ಲಿ 2 ಚೀಲ.

ಗೋಡೆ ಉರುಳುವುದನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ, ಜಾರುವುದನ್ನು ಮರೆಯುತ್ತಾರೆ. ಧೂಳು ಕೂತ ಬಂಡೆಯ ಮೇಲೆ ಬರಿಗಬ್ಬಿಣದ ಘರ್ಷಣೆ ಗುಣಾಂಕ 0.3 ಎಂದು ಹಿಡಿದರೆ, ಅದೇ ಒಂದೂವರೆ ಪಟ್ಟು ಭದ್ರತೆಗೆ ಐದು ಚೀಲ ಸಾಲದು, ಒಂಬತ್ತು ಬೇಕು. ನೆಲ ಗುಡಿಸಿ, ಕಾಲುಗಳಡಿ ರಬ್ಬರ್ ಹಾಸಿ, ಗುಣಾಂಕ 0.5 ಸಿಕ್ಕರೂ ಐದೇ ಸಾಕು. ಕಲ್ಲಿಗೆ ತುಕ್ಕಿನ ಕಲೆಯೂ ಆಗದು. ಬೆಟ್ಟಕ್ಕೆ ಚೀಲ ಹೊರುವವರಿಗೆ ಈ ನಾಲ್ಕು ಚೀಲದ ಬೆಲೆ ಚೆನ್ನಾಗಿ ಗೊತ್ತು.

ಹಲಗೆಗಳನ್ನು ಒಂದೇ ಗೆರೆಯಲ್ಲಿ ನಿಲ್ಲಿಸದೆ ಅಂಕುಡೊಂಕಾಗಿ ಜೋಡಿಸಿ ಪಿನ್ನು ಹಾಕಿದರೆ ಒಂದಕ್ಕೊಂದು ಆಸರೆಯಾಗುತ್ತವೆ. ಬುಡದಲ್ಲಿ ಮಳೆನೀರಿಗೆ ಎರಡು ಬೆರಳು ಸಂದು ಬಿಡಿ.

ಕೆಡುವುದು ಸಾಮಾನ್ಯವಾಗಿ ಇಷ್ಟೆಲ್ಲ ಮುಗಿದ ಮೇಲೆ. ಯಾರೋ ಬಂದು ಗೋಡೆಯ ತಲೆಗೆ ಮೂರಡಿಯ ಫ್ಲೆಕ್ಸ್ ಕಟ್ಟುತ್ತಾರೆ. ಎತ್ತರ 8 ಇದ್ದದ್ದು 11 ಆಯಿತು. ಗಾಳಿ ತಾಗುವ ಜಾಗವೂ ಹೆಚ್ಚಿತು, ತಳ್ಳು ಬೀಳುವ ಎತ್ತರವೂ ಹೆಚ್ಚಿತು. ಉರುಳಿಸುವ ಬಲ ಸುಮಾರು 1.9 ಪಟ್ಟು! ಹಾರ ಹಾಕಿಸಿಕೊಳ್ಳುವವರ ಮುಖ ಕಾಣಬೇಕೆಂದರೆ ಫ್ಲೆಕ್ಸನ್ನು ಹಲಗೆಯ ಮೈಗೇ ಅಂಟಿಸಲಿ.

ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ಗಾಳಿಗೆ ಯಾವ ಚೀಲದ ಲೆಕ್ಕವೂ ನಡೆಯದು. ವೇಗ ದುಪ್ಪಟ್ಟಾದರೆ ತಳ್ಳು ನಾಲ್ಕು ಪಟ್ಟು. ಹಲಗೆಯ ತಲೆಯ ಎತ್ತರದಲ್ಲಿ ಗಾಳಿಮಾಪಕ ಇರಲಿ. ಗಂಟೆಗೆ 36 ಕಿ.ಮೀ. ದಾಟಿತೋ, ಆ ಬದಿಯಿಂದ ಜನರನ್ನು ಸರಿಸಿ, ಪಿನ್ನು ಕಿತ್ತು ಹಲಗೆಗಳನ್ನು ಮಲಗಿಸಬೇಕು. ಈ ಆದೇಶ ಕೊಡುವವರು ಒಬ್ಬರೇ ಇರಬೇಕು, ಅವರು ವೇದಿಕೆಯ ಮೇಲಿರಬಾರದು.

ಮರುಬಳಕೆಗೆ ಪ್ಲೈವುಡ್ಡಿನ ಅಂಚೇ ಶತ್ರು. ನೀರು ಕುಡಿದು ಉಬ್ಬಿದ ಹಾಳೆ ಮುಂದಿನ ಸಲ ಚೌಕಟ್ಟಿಗೆ ಕೂರುವುದಿಲ್ಲ; ನಾಲ್ಕೂ ಅಂಚಿಗೆ ಎರಡು ಕೋಟ್ ಬಣ್ಣ ಕೊಡಿ. ಸ್ಕ್ರೂ ಬೇಡ, ತೂತು ಸಡಿಲವಾಗುತ್ತದೆ, ನಟ್ಟು-ಬೋಲ್ಟು ಹಾಕಿ. ಬಿಚ್ಚುವ ಮುಂಚೆ ಪ್ರತಿ ಹಲಗೆಗೂ ಅದರ ಓರೆ ಪೈಪಿಗೂ ಒಂದೇ ನಂಬರು ಬರೆದಿಡಿ.