ಮಠದ ಗ್ವಾಡಿಗೆ ಸಿಮೆಂಟ್ ಬ್ಯಾಡ್ರಿ

ಗಂಗಾವತಿ ಕಡೆಯ ಒಂದು ಊರಿಂದ ಫೋನು. ಖಾಲಿ ಬಿದ್ದಿದ್ದ ಹಳೇ ಮಠದಲ್ಲಿ ಪಂಚಾಯಿತಿ ಗ್ರಂಥಾಲಯ ಮಾಡಿದ್ದಾರೆ, ಸಂಜೆ ಅಲ್ಲೇ ಮಹಿಳಾ ಸಂಘದ ಸಭೆ. ನನಗೆ ಖುಷಿಯೇ ಆಯಿತು. ಬೀಗ ಜಡಿದ ಮಠಕ್ಕಿಂತ ಮಂದಿ ಓಡಾಡುವ ಮಠ ಹೆಚ್ಚು ಬಾಳುತ್ತದೆ. ಮಾಳಿಗೆ ಸೋರಿದರೆ ಅವತ್ತೇ ಯಾರಾದರೂ ನೋಡುತ್ತಾರೆ. ಅವರ ತಕರಾರು ಇಷ್ಟೇ: "ಬಣ್ಣ ಎಷ್ಟು ಸಲ ಹೊಡೆದ್ರೂ ಏಳ್ತೈತ್ರಿ ಸರ. ಒಳ್ಳೆ ಕಂಪನಿ ಪೇಂಟ್ ಹೇಳ್ರಿ."

ಹೋಗಿ ನೋಡಿದರೆ ಎರಡು ವರ್ಷದ ಹಿಂದೆಯೇ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿ, ಮೇಲೆ ಆಯಿಲ್ ಪೇಂಟ್ ಬಳಿಸಿದ್ದರು. ಯಾಕ್ರೀ ಅಂದೆ. "ಗಟ್ಟಿ ಆಗ್ಲಿ ಅಂತ್ರಿ."

ಈ 'ಗಟ್ಟಿ' ಕೇಳಿ ಕೇಳಿ ನನಗೆ ಸಾಕಾಗಿದೆ. ಆ ಗೋಡೆ ಕಲ್ಲು, ಮಣ್ಣು, ಸುಣ್ಣದ ಗಚ್ಚಿನದು. ನೆಲದ ತೇವ ಅದರೊಳಗೆ ಏರುವುದು ಇದ್ದದ್ದೇ. ಏರಿದ್ದು ಸುಣ್ಣದ ಗಿಲಾವಿನ ಮೂಲಕ ಹೊರಬಿದ್ದು ಆರುತ್ತಿತ್ತು. ಸಿಮೆಂಟ್ ಆ ದಾರಿ ಕಟ್ಟುತ್ತದೆ. ತೇವವೇನು ವಾಪಸ್ ಹೋಗುತ್ತದೆಯೇ? ಇನ್ನೊಂದು ಮೊಳ ಮೇಲೇರುತ್ತದೆ. ಅದರಲ್ಲೂ ನಮ್ಮದು ಭತ್ತದ ಸೀಮೆ. 1953ರಲ್ಲಿ ತುಂಗಭದ್ರೆ ನೀರು ಕಾಲುವೆಗೆ ಬಂದಮೇಲೆ ಎಷ್ಟೋ ಹೊಲ ತೇವ ಹಿಡಿದು ಜವುಳಾಗಿ, ಸವುಳು, ಅಂದರೆ ಉಪ್ಪು, ಎದ್ದಿದ್ದು ಎಲ್ಲರಿಗೂ ಗೊತ್ತು. ಹೊಲಕ್ಕೆ ಬಂದ ಸವುಳು ಮಠಕ್ಕೆ ಬಾರದೇ ಇದ್ದೀತೆ? ಉಪ್ಪು ಸಿಮೆಂಟಿನ ಹಿಂದೆ ಹರಳುಗಟ್ಟಿ, ಉಬ್ಬಿ, ಕಲ್ಲಿನ ಸಂದಿಯ ಮಣ್ಣನ್ನು ಪುಡಿ ಮಾಡುತ್ತದೆ.

ಕೀಲಿಕೈಯಿಂದ ಬಡಿದು ತೋರಿಸಿದೆ. ಸೊಂಟದೆತ್ತರದವರೆಗೂ ಡಬಡಬ, ಅಂದರೆ ಗಿಲಾವು ಗೋಡೆ ಬಿಟ್ಟು ಒಳಗೆ ಪೊಳ್ಳು. ಒಂದು ಚಕ್ಕೆ ಎಬ್ಬಿಸಿದರೆ ಹಿಂದೆ ಬೆಳ್ಳನೆಯ ಹಿಟ್ಟು. ಓದಲು ಬಂದಿದ್ದ ಹುಡುಗನೊಬ್ಬ ಬೆರಳಿಗೆ ಹಚ್ಚಿ ನೆಕ್ಕಿಯೇಬಿಟ್ಟ: "ಏ, ಉಪ್ಪೈತಲೇ!"

ಎಲ್ಲ ಗೋಡೆಗೂ ಇದೇ ರೋಗ ಎನ್ನಲಾರೆ. ನೀರು ಮಾಳಿಗೆಯಿಂದ ಇಳಿಯುತ್ತಿದ್ದರೆ ಮದ್ದು ಬೇರೆ. ಕಟ್ಟಡ ಸಂರಕ್ಷಿತ ಸ್ಮಾರಕವಾಗಿದ್ದರಂತೂ ಕೈಯೇ ಹಚ್ಚಬೇಡಿ. 1112ರ ಇಟಗಿ ಮಹಾದೇವ ಗುಡಿಯಂಥದ್ದು ಪಂಚಾಯಿತಿ ಠರಾವಿಗೆ ದಕ್ಕುವ ಮಾತಲ್ಲ. ಅಂಥ ಕೇಂದ್ರ ಸ್ಮಾರಕದ ಸುತ್ತ 100 ಮೀಟರ್ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆ 200 ಮೀಟರ್ ಅನುಮತಿ ಬೇಕು.

ಈ ಮಠಕ್ಕೆ ನಾನು ಹೇಳಿದ್ದು: ಸಿಮೆಂಟ್ ಕೀಳಿಸಿ, ಒಂದು ಬೇಸಿಗೆ ಗೋಡೆ ಬರಿಮೈ ಬಿಡಿ, ಎದ್ದ ಉಪ್ಪನ್ನು ಒಣಪೊರಕೆಯಿಂದ ಗುಡಿಸಿ, ಆಮೇಲೆ ಸುಣ್ಣದ ಗಿಲಾವು.

"ಅಲ್ರೀ ಸರ, ಬರೇ ಕಲ್ಲು ಕಂಡ್ರ ಎಮ್ಮೆಲ್ಲೆ ಸಾಹೇಬ್ರು ಏನಂತಾರ?" ಅಂದರು ಯಜಮಾನರು. ಠರಾವು ಆಗುವವರೆಗೆ ಪುಸ್ತಕದ ಕಪಾಟುಗಳನ್ನು ಗೋಡೆಯಿಂದ ಒಂದು ಮೊಳ ಈಚೆಗೆ ಸರಿಸಿ ಬಂದಿದ್ದೇನೆ.